ಮನಸ್ಸಿನ ಕಾಯಿಲೆಗೆ ಎಷ್ಟು ಅಂಕ?

— ಬ್ರಿಟನ್ನಿನ ಲೆಕ್ಕ ನೋಡಿದರೆ ನನಗೆ ಅನುಮಾನ ಬರುತ್ತದೆ. ದುಡಿಯುವ ವಯಸ್ಸಿನಲ್ಲಿದ್ದು ಅಂಗವೈಕಲ್ಯ ಭತ್ಯೆ ಪಡೆಯುತ್ತಿರುವವರಲ್ಲಿ ಶೇ. 44ರಷ್ಟು ಮಂದಿಗೆ ಮುಖ್ಯ ಕಾರಣ ಮನಸ್ಸಿನ ಅಥವಾ ವರ್ತನೆಯ ತೊಂದರೆ. 2002ರಲ್ಲಿ ಅದು ಶೇ. 25 ಇತ್ತು. ಲಂಡನ್ನಿನ ಇನ್‌ಸ್ಟಿಟ್ಯೂಟ್ ಫಾರ್ ಫಿಸ್ಕಲ್ ಸ್ಟಡೀಸ್ 2025ರಲ್ಲಿ ಕೊಟ್ಟ ಅಂಕಿ ಇದು. ಫಿನ್ಲೆಂಡಿನಲ್ಲೂ 2019ರಲ್ಲಿ ಮಾನಸಿಕ ಕಾಯಿಲೆಗಳು ಬೆನ್ನುನೋವು, ಕೀಲುನೋವುಗಳನ್ನು ಹಿಂದೆ ಹಾಕಿ ಹೊಸ ಅಂಗವೈಕಲ್ಯ ಪಿಂಚಣಿಗಳ ಮೊದಲ ಕಾರಣವಾದವು. ಇಪ್ಪತ್ತು ವರ್ಷದಲ್ಲಿ ಇಡೀ ದೇಶದ ಮನಸ್ಸು ಇಷ್ಟು ಕೆಡುತ್ತದೆಯೇ? ಕಾಲು ಮುರಿದರೆ ಎಕ್ಸ್‌ರೇ ಇದೆ. ಖಿನ್ನತೆಗೆ ಏನಿದೆ? ಅರ್ಜಿದಾರ ಹೇಳಿದ್ದೇ ಪುರಾವೆ. ಹಾಗಾಗಿ ಇಲ್ಲಿ ಹೆಚ್ಚಿರುವುದು ಕಾಯಿಲೆಯಲ್ಲ, ಮಂಜೂರಾತಿಯ ಸಡಿಲ ಅಂತ ನನ್ನ ವಾದ.

— ಕಾಯಿಲೆ ಹೆಚ್ಚಿಲ್ಲ ಎನ್ನುವ ಭಾಗವನ್ನು ಮೊದಲು ನೋಡೋಣ. ಇಂಗ್ಲೆಂಡಿನಲ್ಲಿ ಕೆಲವು ವರ್ಷಗಳಿಗೊಮ್ಮೆ ಮನೆಮನೆಗೆ ಹೋಗಿ ಮಾನಸಿಕ ಆರೋಗ್ಯದ ಸಮೀಕ್ಷೆ ಮಾಡುತ್ತಾರೆ. ಉತ್ತರ ಕೊಟ್ಟವರಿಗೆ ಅದರಿಂದ ಒಂದು ಪೌಂಡಿನ ಲಾಭವೂ ಇಲ್ಲ, ಆದ್ದರಿಂದ ಉತ್ಪ್ರೇಕ್ಷೆ ಮಾಡುವ ಕಾರಣವೂ ಇಲ್ಲ. 16ರಿಂದ 64 ವರ್ಷದವರಲ್ಲಿ ಖಿನ್ನತೆ, ಆತಂಕದಂಥ ಸಾಮಾನ್ಯ ತೊಂದರೆಗಳು 1993ರಲ್ಲಿ ಶೇ. 15.5, 2007ರಲ್ಲಿ ಶೇ. 17.6, 2014ರಲ್ಲಿ ಶೇ. 18.9, 2023-24ರಲ್ಲಿ ಶೇ. 22.6. ಕಾಯಿಲೆ ಹೆಚ್ಚಿದೆ, ಅದರಲ್ಲೂ ಕಳೆದ ಹತ್ತು ವರ್ಷದಲ್ಲಿ ಚೆನ್ನಾಗಿಯೇ ಹೆಚ್ಚಿದೆ. ಆದರೆ ನಿಮ್ಮ ಅನುಮಾನದಲ್ಲೂ ಒಂದು ನಿಜವಿದೆ. ತೊಂಬತ್ತರ ದಶಕದ ನಡುವಿನಿಂದ 2006ರವರೆಗೆ ಸಮೀಕ್ಷೆಯ ಅಂಕಿ ಹೆಚ್ಚೇನೂ ಅಲುಗಾಡಲಿಲ್ಲ. ಆದರೂ ಅದೇ ಅವಧಿಯಲ್ಲಿ ಕೆಲಸ ಮಾಡಲಾರದವರ ಭತ್ಯೆಯಲ್ಲಿ ಮಾನಸಿಕ ಕಾರಣಗಳ ಪಾಲು ಸುಮಾರು ಕಾಲು ಭಾಗದಿಂದ ಶೇ. 40ರ ಆಸುಪಾಸಿಗೆ ಏರಿತು. ಕಾಯಿಲೆಯೊಂದೇ ಅರ್ಜಿಯನ್ನು ಹುಟ್ಟಿಸುವುದಿಲ್ಲ ಎಂಬುದು ಇದರಿಂದಲೇ ಗೊತ್ತಾಗುತ್ತದೆ. ಕಾಯಿಲೆಯಿದ್ದೂ ಕೆಲಸದಲ್ಲಿ ಉಳಿದವನು ಅರ್ಜಿ ಹಾಕುವುದಿಲ್ಲ. ಅದೇ ಕಾಯಿಲೆಯವನು ಕೆಲಸ ಹೋದ ಮೇಲೆ, ಮತ್ತೆ ಯಾರೂ ಸೇರಿಸಿಕೊಳ್ಳದೆ ಹೋದಾಗ ಹಾಕುತ್ತಾನೆ. ನಾವು ಎಣಿಸುತ್ತಿರುವುದು ಕಾಯಿಲೆಯವನಿಗೂ ಅವನನ್ನು ಇಟ್ಟುಕೊಳ್ಳಬಲ್ಲ ಕೆಲಸಕ್ಕೂ ನಡುವಿನ ದೂರವನ್ನು.

— ಅದು ಮಾತಿನ ಚಮತ್ಕಾರವಾಗಬಾರದು. ಉದಾಹರಣೆ ಕೊಡಿ.

— ಎಂಬತ್ತರ ದಶಕದ ಸೌತ್ ವೇಲ್ಸ್, ಇಂಗ್ಲೆಂಡಿನ ಈಶಾನ್ಯ ಭಾಗ, ಗ್ಲಾಸ್ಗೋ. ಕಲ್ಲಿದ್ದಲ ಗಣಿ, ಉಕ್ಕಿನ ಕಾರ್ಖಾನೆಗಳು ಒಂದರ ಹಿಂದೊಂದು ಮುಚ್ಚಿದವು. ಗಣಿ ನಡೆಯುತ್ತಿದ್ದಾಗಲೂ ಆ ಗಂಡಸರ ಬೆನ್ನು ನೋಯುತ್ತಿತ್ತು, ಶ್ವಾಸಕೋಶದಲ್ಲಿ ದೂಳಿತ್ತು. ಆದರೂ ಹಗುರ ಕೆಲಸ ಕೊಟ್ಟು ಇಟ್ಟುಕೊಂಡಿದ್ದರು. ಗಣಿ ಮುಚ್ಚಿದಾಗ ಅದೇ ಬೆನ್ನು ಪಿಂಚಣಿಗೆ ಕಾರಣವಾಯಿತು. ಇಡೀ ಬ್ರಿಟನ್ನಿನಲ್ಲಿ ಎಪ್ಪತ್ತರ ದಶಕದ ಕೊನೆಯಲ್ಲಿ ಏಳೆಂಟು ಲಕ್ಷವಿದ್ದ ಫಲಾನುಭವಿಗಳು ತೊಂಬತ್ತರ ದಶಕದ ನಡುವಿನ ಹೊತ್ತಿಗೆ ಸುಮಾರು 25 ಲಕ್ಷವಾದರು. ನಿರುದ್ಯೋಗದ ಅಂಕಿ ಕಡಿಮೆ ಕಾಣಲೆಂದು ಸರ್ಕಾರಕ್ಕೂ ಇದು ಅನುಕೂಲವೇ ಆಗಿತ್ತು. ಶೆಫೀಲ್ಡ್ ಹಾಲಮ್ ವಿಶ್ವವಿದ್ಯಾಲಯದ ಕ್ರಿಸ್ಟಿನಾ ಬೀಟಿ ಮತ್ತು ಸ್ಟೀವ್ ಫಾದರ್‌ಗಿಲ್ ಅವರು ಜಿಲ್ಲೆ ಜಿಲ್ಲೆಯ ಅಂಕಿ ಹಿಡಿದು ತೋರಿಸಿದ್ದು ಇದನ್ನೇ: ಇವರು ಸುಳ್ಳು ರೋಗಿಗಳಲ್ಲ, ನಿಜವಾಗಿಯೂ ಕಾಯಿಲೆಯವರು, ಆದರೆ ಕೆಲಸ ಸಿಗುವ ಊರಿನಲ್ಲಿದ್ದಿದ್ದರೆ ಇವರಲ್ಲಿ ಬಹಳ ಮಂದಿ ದುಡಿಯುತ್ತಿದ್ದರು. ಆಮೇಲೆ ಬಂದ ಕೆಲಸಗಳು ಬೇರೆ ಥರದವು. ಕಾಲ್ ಸೆಂಟರ್, ಅಂಗಡಿ, ಗೋದಾಮು, ವೃದ್ಧರ ಆರೈಕೆ. ಅಲ್ಲಿ ಬೆನ್ನಿಗಿಂತ ಹೆಚ್ಚು ಸವೆಯುವುದು ತಾಳ್ಮೆ, ನಿದ್ದೆ, ಗಮನ. ಮುಂದಿನ ವಾರದ ಪಾಳಿ ಇವತ್ತು ಮೊಬೈಲಿಗೆ ಬರುವ ಕೆಲಸದಲ್ಲಿ ಬೈಪೋಲಾರ್ ತೊಂದರೆಯಿರುವವನು ಎಷ್ಟು ದಿನ ನಿಂತಾನು? ಆ ಕಾಯಿಲೆಗೆ ನಿದ್ದೆ ಕೆಡುವುದೇ ಮೊದಲ ಕುತ್ತು.

— ಸರಿ. ಆದರೆ ನೀವು ಬಿಟ್ಟುಬಿಟ್ಟ ಒಂದು ಸಂಗತಿ ಇದೆ: ಹಣ. 2024ರಲ್ಲಿ ಅಲ್ಲಿ 25 ದಾಟಿದ ಒಂಟಿ ವ್ಯಕ್ತಿಗೆ ಸಿಗುತ್ತಿದ್ದ ಮೂಲ ಭತ್ಯೆ ತಿಂಗಳಿಗೆ 393 ಪೌಂಡ್ ಚಿಲ್ಲರೆ. ಕೆಲಸ ಮಾಡಲಾರ ಎಂದು ಒಪ್ಪಿಗೆಯಾದರೆ ಅದರ ಮೇಲೆ ಇನ್ನೂ 416 ಪೌಂಡ್. ದುಪ್ಪಟ್ಟಿಗಿಂತ ಜಾಸ್ತಿ! ಮೇಲಾಗಿ ಕೆಲಸ ಹುಡುಕಿದ ಲೆಕ್ಕ ಒಪ್ಪಿಸುವ ಕಾಟವೂ ತಪ್ಪುತ್ತದೆ. ಇಷ್ಟಿದ್ದ ಮೇಲೆ ಜನ ಆ ಕಡೆ ವಾಲದೆ ಇರುತ್ತಾರೆಯೇ?

— ವಾಲುತ್ತಾರೆ. ನಿಮ್ಮ ಕಡೆಯ ಅತ್ಯಂತ ಗಟ್ಟಿ ವಾದ ಇದೇ, ಇದನ್ನು ಅಲ್ಲಗಳೆಯುವವರು ಬಡವರ ಪರ ಮಾತಾಡುತ್ತೇವೆಂದು ತಮ್ಮನ್ನೇ ನಂಬಿಸಿಕೊಂಡಿರುತ್ತಾರೆ ಅಷ್ಟೆ. ಆದರೆ ಆ ಅಂತರ ಹೇಗೆ ಬೆಳೆಯಿತು ಅಂತಲೂ ನೋಡಬೇಕು. ಕಾಯಿಲೆಯ ಭತ್ಯೆ ಆಕಾಶಕ್ಕೇರಲಿಲ್ಲ. ಮೂಲ ಭತ್ಯೆ ನೆಲಕಚ್ಚಿತು. 2016ರಿಂದ ನಾಲ್ಕು ವರ್ಷ ದುಡಿಯುವ ವಯಸ್ಸಿನವರ ಭತ್ಯೆಗಳನ್ನು ಒಂದು ಪೆನ್ನಿ ಏರಿಸದೆ ಹಾಗೇ ಇಟ್ಟರು, ಬೆಲೆಗಳು ಮಾತ್ರ ಏರಿದವು. ಕೈಕಾಲು ಗಟ್ಟಿಯಿರುವ ನಿರುದ್ಯೋಗಿಗೆ ಬದುಕಲು ಸಾಲದಷ್ಟು ಕೊಟ್ಟು, ಕಾಯಿಲೆಯೆಂದು ಸಾಬೀತು ಮಾಡಿದವನಿಗೆ ಮಾತ್ರ ಬದುಕುವಷ್ಟು ಕೊಡುವ ವ್ಯವಸ್ಥೆ, ಜನ ತಮ್ಮ ಕಾಯಿಲೆಯನ್ನು ಜೋರಾಗಿ ಹೇಳುವಂತೆ ಮಾಡುತ್ತದೆ. ಇದಕ್ಕೆ ಪರಿಹಾರ ಅಂತರವನ್ನು ಕೆಳಗಿನಿಂದ ತುಂಬುವುದು. ನಿಮ್ಮವರು ಪ್ರತಿ ಸಲವೂ ಮೇಲಿನಿಂದ ಕತ್ತರಿಸಲು ಹೋಗುತ್ತಾರೆ.

— ಕತ್ತರಿಸುವುದಲ್ಲ, ಪರೀಕ್ಷೆಯನ್ನು ಬಿಗಿ ಮಾಡುವುದು. ನಿಜವಾಗಿ ಅರ್ಹರಾದವರಿಗೆ ಅದರಿಂದ ನಷ್ಟವೇನು?

— ಈ ಪ್ರಯೋಗ ಆಗಲೇ ನಡೆದಿದೆ, ಒಂದಕ್ಕಿಂತ ಹೆಚ್ಚು ಸಲ. 1981ರಲ್ಲಿ ಅಮೆರಿಕದಲ್ಲಿ ರೇಗನ್ ಸರ್ಕಾರ ಅಂಗವೈಕಲ್ಯ ಪಿಂಚಣಿದಾರರ ಮರುಪರಿಶೀಲನೆಗೆ ವೇಗ ಕೊಟ್ಟಿತು. ಮೂರೇ ವರ್ಷದಲ್ಲಿ ಐದು ಲಕ್ಷದ ಹತ್ತಿರ ಜನರಿಗೆ ಪಿಂಚಣಿ ನಿಲ್ಲಿಸುವ ತೀರ್ಮಾನ ಹೋಯಿತು. ಅವರಲ್ಲಿ ಸುಮಾರು 2 ಲಕ್ಷ ಮಂದಿ ಮೇಲ್ಮನವಿ ಹಾಕಿ ವಾಪಸ್ ಪಡೆದರು. ಪಟ್ಟಿಯಲ್ಲಿ ಮಾನಸಿಕ ಕಾಯಿಲೆಯವರ ಪಾಲು ಚಿಕ್ಕದಿತ್ತು, ಹೊರಬಿದ್ದವರಲ್ಲಿ ಅವರ ಪಾಲು ಅದಕ್ಕಿಂತ ಬಹಳ ದೊಡ್ಡದಾಗಿತ್ತು. ಕಾರಣ ಊಹಿಸಬಹುದು: ನೋಟಿಸಿಗೆ ಉತ್ತರ ಬರೆಯಬೇಕು, ದಾಖಲೆ ಕೂಡಿಸಬೇಕು, ಹೇಳಿದ ದಿನ ಹೇಳಿದ ಕಚೇರಿಗೆ ಹೋಗಬೇಕು. ಸ್ಕಿಜೋಫ್ರೇನಿಯಾ ಇರುವವನಿಗೆ ಕೈಲಾಗದ ಕೆಲಸಗಳೇ ಅವು. 1983ರಲ್ಲಿ ಆರೋಗ್ಯ ಇಲಾಖೆಯೇ ಮಾನಸಿಕ ಕಾಯಿಲೆಯ ಬಹುಪಾಲು ಪ್ರಕರಣಗಳ ಪರಿಶೀಲನೆಯನ್ನು ತಡೆಹಿಡಿಯಿತು. 1984ರ ಸುಧಾರಣಾ ಕಾಯ್ದೆ ಅಮೆರಿಕದ ಎರಡೂ ಸದನಗಳಲ್ಲಿ ಒಂದೇ ಒಂದು ವಿರೋಧ ಮತವಿಲ್ಲದೆ ಪಾಸಾಯಿತು. ರೇಗನ್ ಕಾಲದಲ್ಲಿ ಎಷ್ಟು ವಿಷಯಗಳಿಗೆ ಹಾಗಾಗಿದೆ, ಹೇಳಿ! ಆಮೇಲೆ ಮಾನಸಿಕ ಕಾಯಿಲೆಯ ಮಾನದಂಡಗಳನ್ನೇ ಹೊಸದಾಗಿ ಬರೆದರು, ಅರ್ಜಿಗಳು ಮೊದಲಿಗಿಂತ ಹೆಚ್ಚಾದವು. ಬಿಗಿ ಮಾಡಲು ಹೊರಟು ಕೊನೆಗೆ ಸಿಕ್ಕಿದ್ದು ಇದು.

— ನಲವತ್ತು ವರ್ಷದ ಹಿಂದಿನ ಅಮೆರಿಕ ಬಿಡಿ. ಈಗಿನ ಪರೀಕ್ಷೆಗಳು ವೈಜ್ಞಾನಿಕವಾಗಿವೆ. ಅಂಕ ಕೊಟ್ಟು ಅಳೆಯುತ್ತಾರೆ.

— ಹಾಗಾದರೆ ಆ ಅಂಕಪಟ್ಟಿಯನ್ನೇ ಹತ್ತಿರದಿಂದ ನೋಡೋಣ. ಬ್ರಿಟನ್ನಿನಲ್ಲಿ 2013ರಿಂದ ಇರುವ ಪರ್ಸನಲ್ ಇಂಡಿಪೆಂಡೆನ್ಸ್ ಪೇಮೆಂಟ್ ಎಂಬ ಭತ್ಯೆ ಕೆಲಸವಿದ್ದವನಿಗೂ ಸಿಗುತ್ತದೆ, ಅಂಗವೈಕಲ್ಯದಿಂದಾಗುವ ಹೆಚ್ಚಿನ ಖರ್ಚಿಗೆ. ಅದರಲ್ಲಿ ಓಡಾಟಕ್ಕೆ ಸಂಬಂಧಿಸಿದ ಒಂದು ಭಾಗ, ದಾರಿ ಗೊತ್ತುಮಾಡಿಕೊಂಡು ಹೋಗಿಬರುವ ಶಕ್ತಿಯ ಬಗ್ಗೆ. ಇನ್ನೊಬ್ಬರ ಜೊತೆಯಿಲ್ಲದೆ ಪರಿಚಯದ ದಾರಿಯಲ್ಲೂ ಹೋಗಲಾರದವನಿಗೆ 12 ಅಂಕ, ಹೊಸ ದಾರಿಯಲ್ಲಿ ಮಾತ್ರ ಜೊತೆ ಬೇಕಾದವನಿಗೆ 10. ತೀವ್ರ ಮಾನಸಿಕ ಯಾತನೆಯಿಂದ ಎಲ್ಲಿಗೂ ಹೊರಡಲಾರದವನಿಗೂ 10. ಹೊರಡಲು ಬರೀ ಒತ್ತಾಸೆ ಬೇಕಾದರೆ 4. ಎಂಟು ಅಂಕಕ್ಕೆ ಸಾಮಾನ್ಯ ದರ, ಹನ್ನೆರಡಕ್ಕೆ ಹೆಚ್ಚಿನ ದರ. 2017ರ ಮಾರ್ಚಿನಲ್ಲಿ ಸರ್ಕಾರ ಈ ಪಟ್ಟಿಯ ಮೂರು ಸಾಲುಗಳಿಗೆ, ಜೊತೆ ಬೇಕಾದವರ ಸಾಲುಗಳೂ ಸೇರಿ, ಒಂದು ಷರತ್ತು ಅಂಟಿಸಿತು: ಕಾರಣ ಮಾನಸಿಕ ಯಾತನೆ ಆಗಿರಬಾರದು. ಇಬ್ಬರನ್ನು ಅಕ್ಕಪಕ್ಕ ನಿಲ್ಲಿಸಿ ನೋಡಿ. ಒಬ್ಬನಿಗೆ ಕಣ್ಣು ಕಾಣದು, ಇನ್ನೊಬ್ಬಳಿಗೆ ಬಸ್ಸಿನಲ್ಲಿ ಕೂತ ಕೂಡಲೇ ಉಸಿರು ಕಟ್ಟುವಷ್ಟು ದಿಗಿಲು. ಇಬ್ಬರಿಗೂ ಮನೆಯಿಂದ ಪೇಟೆಗೆ ಹೋಗಲು ದಿನಾ ಒಬ್ಬರ ಜೊತೆ ಬೇಕು. ಮೊದಲನೆಯವನಿಗೆ 12 ಸಿಕ್ಕುತ್ತದೆ. ಎರಡನೆಯವಳು, ಜೊತೆಯಿದ್ದರೆ ಹೊರಡುತ್ತಾಳೆ ಎಂಬ ಕಾರಣಕ್ಕೇ, 4ಕ್ಕೆ ಇಳಿದು ಏನೂ ಸಿಗದೆ ಮನೆಗೆ ಬರಬಹುದು. ಅವರ ಖರ್ಚಿನಲ್ಲಿ ವ್ಯತ್ಯಾಸವಿಲ್ಲ, ಸಾಮರ್ಥ್ಯದಲ್ಲಿ ವ್ಯತ್ಯಾಸವಿಲ್ಲ. ಕಾರಣ ಕಣ್ಣಿನಲ್ಲಿದೆಯೋ ಮನಸ್ಸಿನಲ್ಲಿದೆಯೋ ಎಂಬುದಷ್ಟೇ ವ್ಯತ್ಯಾಸ. ಅದೇ ವರ್ಷದ ಡಿಸೆಂಬರಿನಲ್ಲಿ ಲಂಡನ್ನಿನ ಹೈಕೋರ್ಟ್ ಇದನ್ನು ಕಣ್ಣಿಗೆ ರಾಚುವ ತಾರತಮ್ಯವೆಂದು ಕರೆದು ತಳ್ಳಿಹಾಕಿತು. ಸರ್ಕಾರ ಮೇಲ್ಮನವಿಗೂ ಹೋಗದೆ 16 ಲಕ್ಷ ಕಡತಗಳನ್ನು ಮತ್ತೆ ನೋಡಲು ಒಪ್ಪಿತು. ಅಂಕವಿದ್ದ ಮಾತ್ರಕ್ಕೆ ವೈಜ್ಞಾನಿಕವಾಗುವುದಿಲ್ಲ. ಇಲ್ಲಿ ಮೊದಲೇ ಮಾಡಿಕೊಂಡ ತೀರ್ಮಾನಕ್ಕೆ ಆಮೇಲೆ ಅಂಕ ಹೊಂದಿಸಿದ್ದರು.

— ಅದು ಒಂದು ಕೆಟ್ಟ ನಿಯಮ. ಕೋರ್ಟ್ ಸರಿಮಾಡಿತು. ವ್ಯವಸ್ಥೆಯೇ ಕೆಟ್ಟದ್ದು ಅನ್ನಲಾಗದು. ಹಾಗೆಯೇ, ಕೆಲಸ ಮಾಡಲಾರದವರ ಭತ್ಯೆಗಾಗಿ 2010ರಿಂದ 2013ರವರೆಗೆ ನಡೆದ ಮರುಪರೀಕ್ಷೆಗಳಿಂದ ಇಂಗ್ಲೆಂಡಿನಲ್ಲಿ 590 ಹೆಚ್ಚುವರಿ ಆತ್ಮಹತ್ಯೆಗಳಾದವು ಎಂಬ ಅಧ್ಯಯನವನ್ನು ನೀವು ಮುಂದಿಡುತ್ತೀರೆಂದು ಗೊತ್ತು. ಅದು ಪ್ರದೇಶಗಳ ಹೋಲಿಕೆ. ಪರೀಕ್ಷೆಗೆ ಹೋದವರೇ ಸತ್ತರೆಂದು ಅದು ತೋರಿಸುವುದಿಲ್ಲ.

— ನೀವು ಹೇಳುವುದು ಸರಿ, ಆ ಮಿತಿಯನ್ನು ಅಧ್ಯಯನ ಮಾಡಿದ ಬೆನ್ ಬಾರ್ ಮತ್ತು ಸಂಗಡಿಗರೇ ಒಪ್ಪಿದ್ದಾರೆ. ಹೆಚ್ಚು ಜನರನ್ನು ಮರುಪರೀಕ್ಷೆಗೆ ಕರೆದ ಪ್ರದೇಶಗಳಲ್ಲಿ ಆತ್ಮಹತ್ಯೆ, ಮಾನಸಿಕ ತೊಂದರೆಯ ದೂರು, ಖಿನ್ನತೆಯ ಮಾತ್ರೆಗಳ ಚೀಟಿ ಮೂರೂ ಹೆಚ್ಚಿದವು ಎಂಬಷ್ಟೇ ಅದರ ಮಾತು. ಬಡತನ, ನಿರುದ್ಯೋಗದ ಪ್ರಭಾವವನ್ನು ಕಳೆದ ಮೇಲೂ ಹಾಗೆ ಬಂತು. ಒಬ್ಬೊಬ್ಬರ ಸಾವಿಗೂ ಇದೇ ಕಾರಣವೆಂದು ಯಾರೂ ಹೇಳಲಾಗದು. ಹಾಗಾಗಿ ನಾನು ನನ್ನ ವಾದವನ್ನು ಆ ಅಂಕಿಯ ಮೇಲೆ ನಿಲ್ಲಿಸುವುದಿಲ್ಲ. ಅದೇ ಪರೀಕ್ಷೆಯ ಬಗ್ಗೆ 2013ರಲ್ಲಿ ಬ್ರಿಟನ್ನಿನ ಮೇಲಿನ ಹಂತದ ನ್ಯಾಯಮಂಡಳಿ ಕೊಟ್ಟ ತೀರ್ಪು ಸಾಕು: ವೈದ್ಯಕೀಯ ದಾಖಲೆಯನ್ನು ಅರ್ಜಿದಾರನೇ ಕೂಡಿಸಿ ತರಬೇಕೆಂಬ ಪದ್ಧತಿ ಮಾನಸಿಕ ಕಾಯಿಲೆಯವರನ್ನು ಹಿಂದೆ ತಳ್ಳುತ್ತದೆ ಎಂದು ಅದು ಹೇಳಿತು. ಇನ್ನೊಂದು ಸಂಗತಿ ಅಳತೆಯ ಸ್ವಭಾವದ್ದು. ಮನಸ್ಸಿನ ಕಾಯಿಲೆಗೆ ಏರಿಳಿತವಿದೆ. ಪರೀಕ್ಷೆಯ ದಿನ ಸ್ನಾನ ಮಾಡಿ, ತಲೆ ಬಾಚಿ, ಕೇಳಿದ್ದಕ್ಕೆ ಉತ್ತರ ಹೇಳಿದವನನ್ನು ನೋಡಿ ಸಮರ್ಥನೆಂದು ಬರೆಯುವುದು, ಮಳೆ ನಿಂತ ಮೇಲೆ ಬಂದು ಮಾಡು ಸೋರುತ್ತಿಲ್ಲವೆಂದು ಬರೆದುಕೊಂಡು ಹೋದ ಹಾಗೆ. ಪರ್ಸನಲ್ ಇಂಡಿಪೆಂಡೆನ್ಸ್ ಪೇಮೆಂಟಿನ ವಿಚಾರದಲ್ಲಿ ನ್ಯಾಯಮಂಡಳಿಯವರೆಗೆ ಹೋದವರಲ್ಲಿ ಹತ್ತಕ್ಕೆ ಏಳರಷ್ಟು ಮಂದಿ ಗೆಲ್ಲುತ್ತಾ ಬಂದದ್ದಕ್ಕೆ ಬೇರೇನು ವಿವರಣೆ ಕೊಡುತ್ತೀರಿ? ಅಷ್ಟಾಗಿಯೂ 2025ರಲ್ಲಿ ಲೇಬರ್ ಸರ್ಕಾರ ಯಾವುದಾದರೂ ಒಂದು ಚಟುವಟಿಕೆಯಲ್ಲಿ ಕನಿಷ್ಠ 4 ಅಂಕ ಬರಲೇಬೇಕೆಂಬ ಹೊಸ ಷರತ್ತು ತರಲು ಹೋಗಿ, ಸ್ವಂತ ಸಂಸದರೇ ತಿರುಗಿಬಿದ್ದಾಗ ಜುಲೈಯಲ್ಲಿ ಹಿಂದೆಗೆದುಕೊಂಡಿತು.

— ಬಿಗಿ ಮಾಡಬಾರದು, ಸರಿ. ಹಾಗಂತ ಇಪ್ಪತ್ತೈದರ ಹುಡುಗನೊಬ್ಬನನ್ನು ಆತಂಕದ ಕಾಯಿಲೆಯೆಂದು ನಲವತ್ತು ವರ್ಷ ಮನೆಯಲ್ಲಿ ಕೂರಿಸಿ ಹಣ ಕೊಡುತ್ತಾ ಹೋಗುವುದು ಕರುಣೆಯೇ? ಕೆಲಸವೇ ಮನಸ್ಸಿಗೆ ಮದ್ದು ಅಂತ ವೈದ್ಯರೇ ಹೇಳುತ್ತಾರಲ್ಲ.

— ಅದು ಕರುಣೆಯಲ್ಲ, ನಾನು ಪೂರ್ತಿ ಒಪ್ಪುತ್ತೇನೆ. ಪಿಂಚಣಿಯ ಪರ ಮಾತಾಡುವವರು ಈ ಪ್ರಶ್ನೆಗೆ ಮುಖ ಕೊಡುವುದು ಕಡಿಮೆ. ಆದರೆ ಕೆಲಸಕ್ಕೆ ಕಳಿಸುವ ದಾರಿ ಯಾವುದು ಎಂಬುದರಲ್ಲೇ ಎಲ್ಲ ಇದೆ. ಹಳೆಯ ಪದ್ಧತಿ ಅಂದರೆ ಮೊದಲು ವರ್ಷಗಟ್ಟಲೆ ತರಬೇತಿ, ಮೇಣದಬತ್ತಿ ಮಾಡುವುದು, ಕವರು ಅಂಟಿಸುವುದು, ಆಮೇಲೆ ಎಂದೋ ಕೆಲಸ. ಅಮೆರಿಕದ ನ್ಯೂ ಹ್ಯಾಂಪ್‌ಶೈರಿನಲ್ಲಿ ರಾಬರ್ಟ್ ಡ್ರೇಕ್, ಡೆಬೊರಾ ಬೆಕರ್ ಇದನ್ನು ತಿರುಗಿಸಿದರು. ಕೆಲಸ ಬೇಕೆಂದ ರೋಗಿಗೆ ನೇರವಾಗಿ ಮಾಮೂಲಿ ಸಂಬಳದ ಕೆಲಸ ಹುಡುಕಿಕೊಡುವುದು, ಚಿಕಿತ್ಸೆಯ ತಂಡದಲ್ಲೇ ಕೂತ ಒಬ್ಬ ಉದ್ಯೋಗ ಸಹಾಯಕ ಅವನ ಬೆನ್ನಿಗೂ ಮಾಲೀಕನ ಬೆನ್ನಿಗೂ ನಿಲ್ಲುವುದು, ಸಮಯದ ಮಿತಿ ಹಾಕದಿರುವುದು. ಲಂಡನ್, ಜ್ಯೂರಿಕ್, ಸೋಫಿಯಾ ಸೇರಿ ಯುರೋಪಿನ ಆರು ಕೇಂದ್ರಗಳಲ್ಲಿ 312 ಜನರನ್ನು ಎರಡು ಪಾಲು ಮಾಡಿ ಪರೀಕ್ಷಿಸಿದರು. ಎಲ್ಲರೂ ಸ್ಕಿಜೋಫ್ರೇನಿಯಾದಂಥ ಗಂಭೀರ ಕಾಯಿಲೆಯವರು. 2007ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಫಲಿತಾಂಶ: ಹೊಸ ಪದ್ಧತಿಯವರಲ್ಲಿ ಶೇ. 55 ಮಂದಿ ಒಂದು ದಿನವಾದರೂ ಕೆಲಸ ಮಾಡಿದರು, ಹಳೆಯ ಪದ್ಧತಿಯವರಲ್ಲಿ ಶೇ. 28. ಒಂದು ದಿನ ಅಂದರೆ ಬಹಳ ಸಣ್ಣ ಅಳತೆ ಎನ್ನಬಹುದು, ಒಪ್ಪಿದೆ. ಆದರೂ ಯಾರನ್ನೂ ಹೆದರಿಸದೆ, ಯಾರ ಭತ್ಯೆಯನ್ನೂ ನಿಲ್ಲಿಸದೆ ಎರಡರಷ್ಟಾಯಿತು ಎಂಬುದನ್ನು ಗಮನಿಸಿ. ನೀವು ಹೇಳಿದ ಹುಡುಗ ಮನೆಯಲ್ಲೇ ಕೂರುವುದಕ್ಕೆ ಸೋಮಾರಿತನಕ್ಕಿಂತ ಭಯ ಹೆಚ್ಚು ಕಾರಣ. ಮೂರು ತಿಂಗಳು ಕೆಲಸ ಮಾಡಿದರೆ ಸಮರ್ಥನೆಂದು ಪಿಂಚಣಿ ಹೋಗುತ್ತದೆ, ನಾಲ್ಕನೆಯ ತಿಂಗಳು ಕಾಯಿಲೆ ಮರಳಿದರೆ ಎರಡೂ ಇಲ್ಲ. ಪರೀಕ್ಷೆ ಬಿಗಿಯಾದಷ್ಟೂ ಒಮ್ಮೆ ಸಿಕ್ಕ ಪಿಂಚಣಿಯನ್ನು ಬಿಟ್ಟು ಹೊರಡುವ ಧೈರ್ಯ ಕುಗ್ಗುತ್ತದೆ.

— ಒಂದು ದೇಶವಾದರೂ ಅರ್ಜಿಗಳನ್ನು ನಿಜಕ್ಕೂ ಇಳಿಸಿದ್ದುಂಟೇ?

— ನೆದರ್ಲೆಂಡ್ಸ್. ಒಂದೂವರೆ ಕೋಟಿ ಜನರ ಆ ದೇಶದಲ್ಲಿ 1990ರ ಹೊತ್ತಿಗೆ ಸುಮಾರು 9 ಲಕ್ಷ ಅಂಗವೈಕಲ್ಯ ಪಿಂಚಣಿದಾರರಿದ್ದರು, ಹೊಸಬರಲ್ಲಿ ಮೂರರಲ್ಲೊಂದು ಪಾಲಿನಷ್ಟು ಮಾನಸಿಕ ಕಾರಣದವರು. ದೇಶಕ್ಕೇ ಕಾಯಿಲೆ ಹಿಡಿದಿದೆ ಎಂದು ಪ್ರಧಾನಿ ಲುಬ್ಬರ್ಸ್ ಹೇಳಿದ್ದು ಆ ವರ್ಷವೇ. ಹತ್ತು ವರ್ಷ ಅರ್ಹತೆಯ ನಿಯಮಗಳನ್ನು ಬಿಗಿಮಾಡಿ ನೋಡಿದರು, ಬಹಳ ಕಾಲ ನಿಲ್ಲುವ ಪರಿಣಾಮವಾಗಲಿಲ್ಲ. 2002ರಲ್ಲಿ ಭಾರವನ್ನು ಬೇರೆ ಕಡೆಗೆ ಹೊರಳಿಸಿದರು. ನೌಕರ ರಜೆ ಹಾಕಿದ ಆರು ವಾರದೊಳಗೆ ಕಂಪನಿಯ ವೈದ್ಯ ತೊಂದರೆ ಏನೆಂದು ಬರೆಯಬೇಕು, ಎಂಟು ವಾರದೊಳಗೆ ಮಾಲೀಕ, ನೌಕರ ಕೂತು ಮರಳುವ ಯೋಜನೆ ಮಾಡಬೇಕು. 2004ರಿಂದ ಮೊದಲ ಎರಡು ವರ್ಷದ ಸಂಬಳದ ಹೊರೆ ಮಾಲೀಕನದೇ. ಪ್ರಯತ್ನ ಸಾಲದೆಂದು ಕಂಡರೆ ಮೂರನೆಯ ವರ್ಷವೂ ಅವನೇ ಕೊಡಬೇಕು. ವರ್ಷಕ್ಕೆ ಲಕ್ಷದ ಹತ್ತಿರವಿದ್ದ ಹೊಸ ಪಿಂಚಣಿಗಳು ಕೆಲವೇ ವರ್ಷದಲ್ಲಿ ಅರ್ಧಕ್ಕಿಂತ ಕೆಳಗಿಳಿದವು. ಡಚ್ಚರ ಮನಸ್ಸು ಅಷ್ಟರಲ್ಲಿ ಸರಿಹೋಗಿರಲಿಲ್ಲ. ಅಲ್ಲಿಯವರೆಗೆ ಖಿನ್ನತೆಯಿಂದ ರಜೆ ಹಾಕಿದವನನ್ನು ಮರೆತುಬಿಡುವುದು ಮಾಲೀಕನಿಗೆ ಅಗ್ಗವಾಗಿತ್ತು, ಈಗ ದುಬಾರಿಯಾಯಿತು. ಆದರೆ ಇದನ್ನು ಸ್ವರ್ಗವೆಂದು ಹೇಳಲಾರೆ. ಒಂದು, 2005ರ ಕೊನೆಯಲ್ಲಿ ಅರ್ಹತೆಯ ಮಿತಿಯನ್ನೂ ಏರಿಸಿದ್ದರು, ಇಳಿಕೆಯಲ್ಲಿ ಅದರ ಪಾಲೂ ಇದೆ. ಎರಡು, ತಾತ್ಕಾಲಿಕ ಗುತ್ತಿಗೆಯವರಿಗೆ ಬೆನ್ನಿಗೆ ನಿಲ್ಲುವ ಮಾಲೀಕನೇ ಇಲ್ಲ. ಮೂರು, ಕಾಯಿಲೆಯ ಸುಳಿವಿದ್ದವನನ್ನು ಕೆಲಸಕ್ಕೆ ಸೇರಿಸಿಕೊಳ್ಳಲು ಮಾಲೀಕ ಹಿಂಜರಿಯುತ್ತಾನೆ.

— ನಮಗೆ ಇದೆಲ್ಲ ಯಾಕೆ? ಇಲ್ಲಿ ಆ ಪ್ರವಾಹವೇ ಇಲ್ಲವಲ್ಲ.

— ಇಲ್ಲದಿರುವುದೇ ಪ್ರಶ್ನೆ. 2011ರ ಜನಗಣತಿಯಲ್ಲಿ ಅಂಗವಿಕಲರೆಂದು ಬರೆಸಿಕೊಂಡ 2.68 ಕೋಟಿ ಜನರಲ್ಲಿ ಮಾನಸಿಕ ಕಾಯಿಲೆಯವರು 7.2 ಲಕ್ಷ, ಅಂದರೆ ಶೇ. 2.7. ಬೆಂಗಳೂರಿನ ನಿಮ್ಹಾನ್ಸ್ ಮುಂದೆ ನಿಂತು 12 ರಾಜ್ಯಗಳಲ್ಲಿ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆ ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಆ ಹೊತ್ತಿನಲ್ಲಿ ಯಾವುದಾದರೂ ಮಾನಸಿಕ ತೊಂದರೆ ಇದೆಯೆಂದಿತು. ಇದೇ ತರ್ಕವನ್ನು ಇಲ್ಲಿಗೆ ತನ್ನಿ: ಅರ್ಜಿಯ ಸಂಖ್ಯೆ ಕಾಯಿಲೆಯನ್ನು ಅಳೆಯುವುದಿಲ್ಲ, ದಾರಿಯನ್ನು ಅಳೆಯುತ್ತದೆ. ಇಲ್ಲಿ ದಾರಿ ಹೇಗಿದೆ ನೋಡಿ. ಮಾನಸಿಕ ಕಾಯಿಲೆಯ ಅಂಗವೈಕಲ್ಯವನ್ನು ಅಳೆಯುವ ಐಡಿಯಾಸ್ ಎಂಬ ಮಾಪನದಲ್ಲಿ ನಾಲ್ಕು ವಿಷಯ: ಸ್ವಂತ ಆರೈಕೆ, ಜನರೊಂದಿಗಿನ ಒಡನಾಟ, ಮಾತು ಮತ್ತು ಗ್ರಹಿಕೆ, ಕೆಲಸ. ಒಂದೊಂದಕ್ಕೆ ಸೊನ್ನೆಯಿಂದ 4 ಅಂಕ, ಕಾಯಿಲೆಯ ಅವಧಿಗೆ ಮತ್ತೆ 4, ಒಟ್ಟು 20. ಏಳು ಬಂದರೆ ಶೇ. 40. ಕರ್ನಾಟಕದ ಪಿಂಚಣಿ ಅಲ್ಲಿಂದ ಶುರು. ಕೇಂದ್ರದ ಇಂದಿರಾ ಗಾಂಧಿ ಅಂಗವೈಕಲ್ಯ ಪಿಂಚಣಿಗೆ ಶೇ. 80 ಬೇಕು, ಬಿಪಿಎಲ್ ಆಗಿರಬೇಕು, ಅಷ್ಟಾದ ಮೇಲೆ ಕೇಂದ್ರದ ಪಾಲು ತಿಂಗಳಿಗೆ 300 ರೂಪಾಯಿ. ಶೇ. 80 ಅಂದರೆ ಮೈಮೇಲೆ ಎಚ್ಚರವಿಲ್ಲದಷ್ಟು ಕುಸಿದವನು. ಅವನೇ ಪ್ರಮಾಣಪತ್ರಕ್ಕೆ ಸರದಿಯಲ್ಲಿ ನಿಲ್ಲಬೇಕು. ಮನೆಯವರಿಗೋ ತಂಗಿಯ ಮದುವೆಯ ಚಿಂತೆ. ಹುಚ್ಚು ಎಂದು ಸರ್ಕಾರದ ಮೊಹರು ಬಿದ್ದ ಕಾಗದ ಮನೆಗೆ ಬರುವುದು ಯಾರಿಗೂ ಬೇಡ.

— ಹಾಗಾದರೆ ಇಲ್ಲಿ ಅರ್ಜಿಗಳು ಹೆಚ್ಚಬೇಕು ಅನ್ನುತ್ತೀರಾ? ಬ್ರಿಟನ್ನಿನ ಹಾದಿಯಲ್ಲೇ?

— ಹೆಚ್ಚಬೇಕು. ಬಜೆಟ್ಟಿನವರಿಗೆ ಇಷ್ಟವಾಗದಿದ್ದರೂ ಹೇಳುತ್ತೇನೆ. ಆದರೆ ಬ್ರಿಟನ್ನಿನ ಹಾದಿಯೇ ಆಗಬೇಕಿಲ್ಲ, ಯಾಕೆಂದರೆ ನಮ್ಮಲ್ಲಿ ಆರಂಭ ಮಾಡಲು ಜಾಗವಿದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮಾದರಿ ಹುಟ್ಟಿದ್ದೇ 1985ರಲ್ಲಿ ಬಳ್ಳಾರಿಯಲ್ಲಿ. 2014ರಿಂದ ಮನೋಚೈತನ್ಯದ ಹೆಸರಿನಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಟಿದೆ. ಮಾತ್ರೆ ಬರೆಯುವ ಆ ಮೇಜಿನಲ್ಲೇ ಅಂಕವನ್ನೂ ಬರೆದರೆ ಅರ್ಧ ಅಲೆದಾಟ ತಪ್ಪುತ್ತದೆ. ಕಷ್ಟವಿರುವುದು ಆಮೇಲೆ. ಮಾತ್ರೆ ಹಿಡಿಯಿತು, ಮುಂದಿನ ಮೌಲ್ಯಮಾಪನದಲ್ಲಿ 9 ಇದ್ದದ್ದು 6 ಆಯಿತು, ಶೇ. 40ರ ಕೆಳಗೆ ಬಿದ್ದ, ಪಿಂಚಣಿ ನಿಂತಿತು. ಊರಿಂದ ತಾಲ್ಲೂಕಿಗೆ ಬರುವ ಬಸ್ ಚಾರ್ಜು, ಆ ದಿನದ ಕೂಲಿ ಹೋಗುವುದು, ಇವೆಲ್ಲ ಆ ಪಿಂಚಣಿಯಿಂದಲೇ ನಡೆಯುತ್ತಿದ್ದವು. ಮಾತ್ರೆ ತಪ್ಪಿದರೆ ಆರು ಮತ್ತೆ ಒಂಬತ್ತಾಗಲು ಬಹಳ ಕಾಲ ಬೇಕಿಲ್ಲ. ಹುಷಾರಾಗಿ ಕೂಲಿಗೆ ಹೋದವನ ಪಿಂಚಣಿಯನ್ನು ಎರಡು ವರ್ಷ ಮುಟ್ಟಬಾರದು, ಮತ್ತೆ ಬಿದ್ದರೆ ಹೊಸ ಅರ್ಜಿ ಕೇಳಬಾರದು ಎಂದು ಒಂದು ಸುತ್ತೋಲೆ ಹೊರಡಿಸಲು ಎಷ್ಟು ಖರ್ಚಾಗುತ್ತದೆಂದು ನಿಮ್ಮ ಲೆಕ್ಕದವರನ್ನೇ ಕೇಳಿ ನೋಡಿ.

— ಕೇಳುತ್ತೇನೆ. ಅವರು ಮೊದಲು ಕೇಳುವುದು ಎರಡೇ ವರ್ಷ ಯಾಕೆ ಎಂದು.

— ಹತ್ತು ವರ್ಷ ಹಳೆಯ ಕಾಯಿಲೆಗೆ ಎರಡು ಸಾಲದು, ಮೊದಲ ಸಲ ಬಂದವನಿಗೆ ಒಂದೇ ಸಾಕಾಗಬಹುದು. ಅದನ್ನು ಆ ಮಂಗಳವಾರದ ವೈದ್ಯರು ತೀರ್ಮಾನಿಸಲಿ, ಖಜಾನೆಯವರಲ್ಲ.